ವಿಕ್ರಾಂತ್‌ಗೆ ಕ್ಯಾಟಪಲ್ಟ್ ಇಲ್ಲ: ಅದರಿಂದ ನಿಜವಾಗಿ ಕಳಕೊಂಡದ್ದೇನು?

#1 ತೀರದಗಾಳಿ

ನವೆಂಬರ್ 2025ರಲ್ಲಿ ಚೀನಾದ ವಿಮಾನವಾಹಕ ಹಡಗು ಫುಜಿಯಾನ್ ಸೇವೆಗೆ ಸೇರಿದಾಗಿನಿಂದ ಎಲ್ಲಿ ನೋಡಿದ್ರೂ ಒಂದೇ ಮಾತು. "ಅವರ ಹಡಗಿಗೆ ಮೂರು ವಿದ್ಯುತ್ಕಾಂತೀಯ ಕ್ಯಾಟಪಲ್ಟ್, ನಮ್ಮ ವಿಕ್ರಾಂತ್, ವಿಕ್ರಮಾದಿತ್ಯ ಎರಡಕ್ಕೂ ಬರೀ ಮೂತಿ ಎತ್ತಿದ ಡೆಕ್ಕು. ಹೋಲಿಕೆಯೇ ಇಲ್ಲ." ಇದನ್ನು ಹೇಳೋರು ಯಾರೂ ಲೆಕ್ಕ ಕೊಡಲ್ಲ. (ಕ್ಯಾಟಪಲ್ಟ್ ಅಂದ್ರೆ ವಿಮಾನವನ್ನ ಡೆಕ್ಕಿನಿಂದ ಎಸೆಯೋ ಯಂತ್ರ, ಆ ಮೂತಿ ಎತ್ತಿದ ಡೆಕ್ಕೇ ಸ್ಕೀ-ಜಂಪ್.)

ನನಗೆ ಬೇಕಿರೋದು ಮೂರು ಉತ್ತರ. ಸ್ಕೀ-ಜಂಪ್‌ನಿಂದ ಹಾರುವ ವಿಮಾನ ಎಷ್ಟು ತೂಕ ಬಿಟ್ಟುಕೊಡಬೇಕು? ವಿಕ್ರಾಂತ್ ಕಟ್ಟುವಾಗಲೇ ಕ್ಯಾಟಪಲ್ಟ್ ಹಾಕೋಕೆ ಆಗ್ತಿತ್ತಾ? ಮೂರನೇ ಹಡಗು ಕಟ್ಟೋದಾದ್ರೆ ಹಾಕಲೇಬೇಕಾ? ಗೊತ್ತಿರೋರು ಅಂಕಿಅಂಶ ಇಟ್ಟು ಮಾತಾಡಿ, ದಯವಿಟ್ಟು.

#2 ಅರಬ್ಬೀಅಲೆ

ಸ್ಕೀ-ಜಂಪ್ ಅಂದ್ರೆ ಬಡವರ ಕ್ಯಾಟಪಲ್ಟ್. ವಿಮಾನ ಅರ್ಧ ಟ್ಯಾಂಕ್ ಇಂಧನ, ಎರಡು ಕ್ಷಿಪಣಿ ಇಟ್ಕೊಂಡು ಏರಬೇಕು. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

#3 ಲೆಕ್ಕದಮೇಷ್ಟ್ರು

"ಅರ್ಧ ಟ್ಯಾಂಕ್" ಅನ್ನೋದನ್ನ ಎಲ್ಲರೂ ಹೇಳ್ತಾರೆ, ಯಾರೂ ಗುಣಿಸಿ ನೋಡಲ್ಲ. ನೋಡೋಣ ಬನ್ನಿ.

ನಮ್ಮ ಹಡಗಿನ ಫೈಟರ್ ಮಿಗ್-29ಕೆಯ ಎರಡು ಎಂಜಿನ್ ಸೇರಿ ಸುಮಾರು 18 ಟನ್ ನೂಕುಬಲ ಕೊಡುತ್ವೆ. ಗರಿಷ್ಠ ತೂಕ 24.5 ಟನ್. ಈ ಬಗೆಯ ಡೆಕ್ಕಿನಲ್ಲಿ ಓಟ ಶುರು ಮಾಡೋ ಜಾಗ ಎರಡು ತರಹ. ರಷ್ಯಾದ ಕುಜ್ನೆಟ್ಸೊವ್‌ನಲ್ಲಿ ಗಿಡ್ಡ ಓಟ ಸುಮಾರು 105 ಮೀಟರ್, ಉದ್ದ ಓಟ ಸುಮಾರು 195 ಮೀಟರ್. ನಮ್ಮ ಹಡಗುಗಳಲ್ಲೂ ಪದ್ಧತಿ ಇದೇ. ಚಕ್ರಕ್ಕೆ ಅಡ್ಡ ತಡೆ ಮೇಲೆದ್ದಿರುತ್ತೆ, ಎಂಜಿನ್ ಪೂರ್ತಿ ಏರಿಸಿದ ಮೇಲೆ ತಡೆ ಕೆಳಗಿಳಿಯುತ್ತೆ, ವಿಮಾನ ಓಡುತ್ತೆ.

20 ಟನ್ ತೂಕದಲ್ಲಿ, ಘರ್ಷಣೆ ಕಳೆದು, ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 8 ಮೀಟರ್ ಅಂದ್ಕೊಳ್ಳಿ. 105 ಮೀಟರ್ ಓಡಿದ ಮೇಲೆ ವೇಗ ಸೆಕೆಂಡಿಗೆ 41 ಮೀಟರ್, ಅಂದ್ರೆ ಗಂಟೆಗೆ 148 ಕಿ.ಮೀ. ಹಡಗು ಗಾಳಿಗೆ ಎದುರಾಗಿ ಓಡ್ತಾ ಡೆಕ್ಕಿನ ಮೇಲೆ 25 ನಾಟ್ ಗಾಳಿ ಸಿಕ್ಕರೆ ಇನ್ನೊಂದು 46 ಸೇರಿ 194. ಈ ವೇಗದಲ್ಲಿ ಸಪಾಟು ಡೆಕ್ಕಿನಿಂದ ಬಿಟ್ಟರೆ ವಿಮಾನ ನೇರ ನೀರಿಗೆ. ಸ್ಕೀ-ಜಂಪ್ ಮಾಡೋ ಕೆಲಸ ಇಲ್ಲೇ ಇರೋದು. ಅದು ವೇಗ ಕೊಡಲ್ಲ, ಸಮಯ ಕೊಡುತ್ತೆ. 14 ಡಿಗ್ರಿ ಏರು ಬಿಟ್ಟಾಗ ವಿಮಾನಕ್ಕೆ ಸೆಕೆಂಡಿಗೆ 10 ಮೀಟರಿನಷ್ಟು ಮೇಲ್ಮುಖ ವೇಗ ಇರುತ್ತೆ. ಎಸೆದ ಕಲ್ಲಿನ ಹಾಗೆ ಏರಿ ಇಳಿಯೋ ಹೊತ್ತಿಗೇ 2 ಸೆಕೆಂಡು, ರೆಕ್ಕೆ ಅರ್ಧಕ್ಕಿಂತ ಹೆಚ್ಚು ಭಾರ ಹೊತ್ತಿರೋದ್ರಿಂದ 3-4 ಸೆಕೆಂಡು ಸಿಗುತ್ತೆ. ಅಷ್ಟರಲ್ಲಿ ಎಂಜಿನ್ ಇನ್ನೊಂದು 80 ಕಿ.ಮೀ. ವೇಗ ಸೇರಿಸುತ್ತೆ. ಹಾರಾಟ ಶುರು.

ಈಗ ಪೂರ್ತಿ 24.5 ಟನ್. ಗಿಡ್ಡ ಓಟದಲ್ಲಿ ಗಾಳಿ ಸೇರಿಸಿ 180 ಕಿ.ಮೀ. ಹತ್ತಿರ ಸಿಗುತ್ತೆ, ಸಾಲದು. ಉದ್ದ ಓಟದಲ್ಲಿ 225ಕ್ಕೆ ಬರುತ್ತೆ, ಅದು ಆಗೋ ಮಾತು. ಹಾಗಾಗಿ "ಭಾರ ಹೊತ್ತು ಏರಲ್ಲ" ಅನ್ನೋದು ಗಿಡ್ಡ ಓಟಕ್ಕೆ ಮಾತ್ರ ನಿಜ.

ಹೋಲಿಕೆಗೆ: ಕ್ಯಾಟಪಲ್ಟ್ 90 ಮೀಟರ್ ಚಿಲ್ಲರೆಯಲ್ಲಿ ಗಂಟೆಗೆ 240 ಕಿ.ಮೀ. ಮುಟ್ಟಿಸುತ್ತೆ. ಸುಮಾರು 2.5 ಜಿ, ಅಂದ್ರೆ ಭೂಮಿಯ ಎಳೆತದ ಎರಡೂವರೆ ಪಟ್ಟು. ಗಾಳಿ ಅದರ ಮೇಲೆ ಲಾಭ.

#4 ಹಿನ್ನೀರು

ಮೇಷ್ಟ್ರೇ, ಲೆಕ್ಕ ಸರಿ. ಆದ್ರೆ ಮುಖ್ಯವಾದ್ದೇ ಬಿಟ್ರಿ. ಆ ಉದ್ದ ಓಟದ ಜಾಗ ಎಲ್ಲಿದೆ ನೋಡಿ, ವಿಮಾನ ಇಳಿಯೋ ಪಟ್ಟಿಯ ಮೇಲೇ! ಭಾರದ ವಿಮಾನ ಒಂದನ್ನ ಅಲ್ಲಿ ನಿಲ್ಲಿಸಿದ ತಕ್ಷಣ ಇಳಿಯೋದು ಬಂದ್. ಅಮೆರಿಕದ ನಿಮಿಟ್ಜ್ ವರ್ಗದ ಹಡಗಿನಲ್ಲಿ ಕ್ಯಾಟಪಲ್ಟ್ ನಾಲ್ಕು, ಅದರಲ್ಲಿ ಎರಡು ಮೂತಿಯ ಕಡೆ. ಓರೆ ಡೆಕ್ಕಿನಲ್ಲಿ ವಿಮಾನ ಇಳೀತಾ ಇರುವಾಗಲೂ ಮೂತಿಯ ಎರಡು ಕೆಲಸ ಮಾಡ್ತಾನೇ ಇರಬಹುದು. ಅಲ್ಲದೆ ಮೇಲೆತ್ತಿದ ಮೂತಿಯ ಮೇಲೆ ವಿಮಾನ ನಿಲ್ಲಿಸೋಕೆ ಆಗಲ್ಲ, ಅಷ್ಟು ಜಾಗ ವ್ಯರ್ಥ.

ಒಂದೊಂದು ವಿಮಾನ ಎಷ್ಟು ಭಾರ ಹೊರುತ್ತೆ ಅನ್ನೋದಕ್ಕಿಂತ ಒಂದು ದಿನಕ್ಕೆ ಎಷ್ಟು ಹಾರಾಟ ನಡೆಯುತ್ತೆ ಅನ್ನೋದೇ ಹಡಗಿನ ಅಳತೆ. ನಷ್ಟ ಆಗೋದು ಅಲ್ಲಿ.

#5 ರಾಡಾರ್‌ರಾಯ

ಇಬ್ಬರೂ ಫೈಟರ್ ವಿಮಾನದ ಬಗ್ಗೆಯೇ ಮಾತಾಡ್ತಿದ್ದೀರಿ. ಫೈಟರ್ ಹೇಗೋ ಏರುತ್ತೆ. ಏರದೇ ಇರೋದು ರಾಡಾರ್ ಹೊತ್ತ ಆಕಾಶದ ಕಾವಲು ವಿಮಾನ. ಅಸಲಿ ನಷ್ಟ ಅದು.

ಭೂಮಿ ಗುಂಡಗಿದೆ, ರಾಡಾರ್ ಕಿರಣ ಬಹುಮಟ್ಟಿಗೆ ನೇರ ಹೋಗುತ್ತೆ. ಕೈಲೆಕ್ಕದ ಸೂತ್ರ: ಎತ್ತರದ ವರ್ಗಮೂಲವನ್ನ 4.12ರಿಂದ ಗುಣಿಸಿದ್ರೆ ದಿಗಂತ ಎಷ್ಟು ಕಿ.ಮೀ. ಅಂತ ಬರುತ್ತೆ. ಎತ್ತರ ಮೀಟರಲ್ಲಿ ಹಾಕಬೇಕು. ಹಡಗಿನ ಕಂಬದ ಮೇಲೆ 30 ಮೀಟರ್ ಎತ್ತರದ ರಾಡಾರ್‌ಗೆ 22.6 ಕಿ.ಮೀ. ಸಮುದ್ರಕ್ಕೆ ಅಂಟಿಕೊಂಡು 5 ಮೀಟರ್ ಎತ್ತರದಲ್ಲಿ ಬರೋ ಕ್ಷಿಪಣಿಗೆ ಇನ್ನು 9.2 ಸೇರಿಸಿ. ಒಟ್ಟು ಸುಮಾರು 32 ಕಿ.ಮೀ. ಅಷ್ಟು ಹತ್ತಿರ ಬಂದಾಗಲೇ ಮೊದಲ ಸಲ ಕಾಣೋದು. ಶಬ್ದಕ್ಕಿಂತ ನಿಧಾನದ ಕ್ಷಿಪಣಿ ಆದ್ರೆ ಎರಡು ನಿಮಿಷಕ್ಕೂ ಕಡಿಮೆ ಸಮಯ. ಶಬ್ದದ ಮೂರು ಪಟ್ಟಿನ ಹತ್ತಿರದ್ದಾದ್ರೆ 34 ಸೆಕೆಂಡು.

ಈಗ ಕಾಮೊವ್-31 ಹೆಲಿಕಾಪ್ಟರ್ ತಗೊಳ್ಳಿ, ನಮ್ಮ ವಾಹಕ ಹಡಗುಗಳ ಕಾವಲಿಗಿರೋದು ಅದೇ. ಹೊಟ್ಟೆಯ ಕೆಳಗೆ 6 ಮೀಟರ್ ಉದ್ದದ ಹಲಗೆಯಂಥ ಆಂಟೆನಾ ಮಡಚಿಟ್ಟಿರುತ್ತೆ. ಮೇಲೇರಿದ ಮೇಲೆ ಕೆಳಗೆ ಬಿಚ್ಚಿಕೊಂಡು ಸುತ್ತುತ್ತೆ, ಅದಕ್ಕೆ ಅಡ್ಡ ಬಾರದ ಹಾಗೆ ಚಕ್ರಗಳನ್ನ ಎತ್ತಿಕೊಳ್ಳುತ್ತೆ. 3,500 ಮೀಟರ್ ಎತ್ತರದಿಂದ ದಿಗಂತ 244 ಕಿ.ಮೀ. ಅದೇ ನಿಧಾನದ ಕ್ಷಿಪಣಿಗೆ ಈಗ ಹದಿನಾಲ್ಕು ನಿಮಿಷದ ಮುನ್ಸೂಚನೆ ಸಿಗುವಷ್ಟು ದೂರ. ಎರಡೆಲ್ಲಿ, ಹದಿನಾಲ್ಕೆಲ್ಲಿ! ಆದ್ರೆ ದಿಗಂತ ಅಷ್ಟು ದೂರ ಇದೆ ಅಂದ ಮಾತ್ರಕ್ಕೆ ಚಿಕ್ಕ ಕ್ಷಿಪಣಿ ಅಷ್ಟು ದೂರದಲ್ಲೇ ಕಾಣುತ್ತೆ ಅಂತಲ್ಲ, ಅದಕ್ಕೆ ರಾಡಾರಿನ ಶಕ್ತಿ ಬೇಕು. ಮೇಲೆ ನಿಲ್ಲೋದೂ ಸುಮಾರು ಎರಡೂವರೆ ಗಂಟೆ ಅಷ್ಟೇ.

ಅಮೆರಿಕದ ಹಾಕ್‌ಐ ವಿಮಾನ 7,600 ಮೀಟರ್ ಎತ್ತರದಲ್ಲಿ ಹಾರಿದ್ರೆ ದಿಗಂತ 359 ಕಿ.ಮೀ. ಬೆನ್ನ ಮೇಲೆ 7.3 ಮೀಟರ್ ಅಗಲದ ತಟ್ಟೆ, ಒಳಗೆ ಐದು ಜನ, ನಾಲ್ಕೈದು ಗಂಟೆ ಹಾರಾಟ. ತೂಕ 26 ಟನ್ ಹತ್ತಿರ, ಎರಡು ಟರ್ಬೊಪ್ರಾಪ್ ಎಂಜಿನ್. ಫೈಟರ್‌ಗಿರೋ ನೂಕುಬಲ ಇದಕ್ಕಿಲ್ಲ, ಅದಕ್ಕೇ ಸ್ಕೀ-ಜಂಪ್‌ನಿಂದ ಇದನ್ನ ಹಾರಿಸೋ ನೌಕಾಪಡೆ ಜಗತ್ತಿನಲ್ಲಿ ಒಂದೂ ಇಲ್ಲ. ಚೀನಾ ಫುಜಿಯಾನ್‌ಗೋಸ್ಕರ ಕೆಜೆ-600 ಅಂತ ಇದೇ ಬಗೆಯ ವಿಮಾನ ಮಾಡ್ಕೊಂಡಿದೆ. ನನ್ನ ಪ್ರಕಾರ ಆ ಹಡಗಿನಲ್ಲಿ ಭಯಪಡಬೇಕಾದ್ದು ಜೆ-35 ಫೈಟರ್ ಅಲ್ಲ, ಕೆಜೆ-600.

#6 ಅರಬ್ಬೀಅಲೆ

ಸರಿ, "ಅರ್ಧ ಟ್ಯಾಂಕ್" ವಾಪಸ್ ತಗೊಂಡೆ. ಆದ್ರೆ ಬ್ರಿಟನ್ ನೋಡಿ. 65,000 ಟನ್ನಿನ ಕ್ವೀನ್ ಎಲಿಜಬೆತ್, ಪ್ರಿನ್ಸ್ ಆಫ್ ವೇಲ್ಸ್ ಎರಡಕ್ಕೂ ಸ್ಕೀ-ಜಂಪೇ. ಅವರ ಕಾವಲೂ ಮರ್ಲಿನ್ ಹೆಲಿಕಾಪ್ಟರೇ. ಅವರೇನು ದಡ್ಡರಾ?

#7 ಹಿನ್ನೀರು

ದಡ್ಡರಲ್ಲ, ದುಡ್ಡಿನ ಲೆಕ್ಕ. ಅಕ್ಟೋಬರ್ 2010ರಲ್ಲಿ ಬ್ರಿಟನ್ ಸರ್ಕಾರ ಕ್ಯಾಟಪಲ್ಟ್ ಹಾಕಿ ಎಫ್-35ಸಿ ತಗೋತೀವಿ ಅಂತ ತೀರ್ಮಾನ ಮಾಡಿತ್ತು. ಮೇ 2012ರಲ್ಲಿ ಅದನ್ನ ಕೈಬಿಟ್ಟು ಮತ್ತೆ ಎಫ್-35ಬಿಗೆ ವಾಪಸ್. ಕಾರಣ, ಒಂದು ಹಡಗಿನ ಬದಲಾವಣೆಗೆ 95 ಕೋಟಿ ಪೌಂಡ್ ಅಂದಿದ್ದ ಅಂದಾಜು 200 ಕೋಟಿಗೆ ಏರಿತ್ತು. ಅದೂ ಹಡಗು ಇನ್ನೂ ಕಟ್ಟುತ್ತಿದ್ದಾಗ. ಕಟ್ಟಿದ ಮೇಲೆ ಬದಲಾಯಿಸ್ತೀವಿ ಅನ್ನೋದು ಕನಸು.

ಇನ್ನೊಂದು ವಿಷಯ. ಎಫ್-35ಬಿ ನೇರ ಕೆಳಗಿಳಿಯುತ್ತೆ, ಇಳಿದ ವಿಮಾನವನ್ನ ಹಿಡಿದು ನಿಲ್ಲಿಸೋ ತಂತಿ ಬೇಡ. ನಮ್ಮ ಮಿಗ್-29ಕೆ, ಮುಂದೆ ಬರೋ ರಫಾಲ್ ಎಂ ಏರೋದು ಸ್ಕೀ-ಜಂಪ್‌ನಿಂದ ಆದ್ರೂ ಇಳಿಯೋದು ತಂತಿಗೆ ಸಿಕ್ಕೇ. ಅವರ ಹಡಗಿಗೂ ನಮ್ಮದಕ್ಕೂ ಸ್ಕೀ-ಜಂಪ್ ಇದೆ ಅಂತ ಒಂದೇ ಬುಟ್ಟಿಗೆ ಹಾಕಬೇಡಿ.

#8 ಕೆಂಪುಕೋಟೆಕಟ್ಟೆ

ವಿಕ್ರಾಂತ್ ಕಟ್ಟುವಾಗ ಉಗಿ ಕ್ಯಾಟಪಲ್ಟ್ ಯಾಕೆ ಹಾಕಲಿಲ್ಲ? ಹಳೇ ವಿಕ್ರಾಂತ್‌ನಲ್ಲಿ ಇತ್ತಲ್ವಾ? 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಸೀ ಹಾಕ್, ಅಲಿಝೆ ವಿಮಾನಗಳನ್ನ ಅದರಿಂದಲೇ ಹಾರಿಸಿದ್ದು. 19,500 ಟನ್ನಿನ ಹಡಗಿಗೆ ಸಾಧ್ಯ ಆದದ್ದು 45,000 ಟನ್ನಿನದಕ್ಕೆ ಆಗಲ್ವಾ?

#9 ಬಾಯ್ಲರ್‌ಭಟ್ಟ

ಉಗಿ ಬರೋದು ಎಲ್ಲಿಂದ ಅಂತ ಮೊದಲು ಕೇಳಿ. ಹಳೇ ವಿಕ್ರಾಂತ್ ಬಾಯ್ಲರ್ ಹಡಗು. ಹೊಸ ವಿಕ್ರಾಂತ್ ಓಡೋದು ನಾಲ್ಕು ಎಲ್‌ಎಂ2500 ಗ್ಯಾಸ್ ಟರ್ಬೈನ್ ಮೇಲೆ, ಒಟ್ಟು 88 ಮೆಗಾವ್ಯಾಟ್. ಆ ಟರ್ಬೈನ್‌ಗಳನ್ನ ಜೋಡಿಸಿ ಕೊಟ್ಟದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್. ಇಲ್ಲಿ ಉಗಿಯ ಸುದ್ದಿಯೇ ಇಲ್ಲ. ಉಗಿ ಕ್ಯಾಟಪಲ್ಟ್ ಬೇಕು ಅಂದ್ರೆ ಅದಕ್ಕೇ ಅಂತ ಬೇರೆ ಬಾಯ್ಲರ್, ಬೇರೆ ಸಿಹಿನೀರಿನ ಘಟಕ, ಅದನ್ನ ನೋಡ್ಕೊಳ್ಳೋಕೆ ಬೇರೆ ಜನ.

ನೀರಿನ ಖರ್ಚು ಜನಕ್ಕೆ ಅಂದಾಜಿಲ್ಲ. ನಿಮಿಟ್ಜ್‌ನಲ್ಲಿ ಒಂದು ವಿಮಾನ ಎಸೆಯೋಕೆ ಸುಮಾರು 600 ಕೆ.ಜಿ. ಉಗಿ. ಅದೂ ಶುದ್ಧೀಕರಿಸಿದ ಸಿಹಿನೀರಿನದು. ದಿನಕ್ಕೆ ನೂರು ಹಾರಾಟ ಅಂದ್ರೆ 60 ಟನ್ ನೀರು ಗಾಳಿಗೆ.

ಯಂತ್ರ ಹೀಗಿರುತ್ತೆ. ಡೆಕ್ಕಿನ ಕೆಳಗೆ ಜೋಡಿ ಕೊಳವೆ, ಪ್ರತಿಯೊಂದರಲ್ಲೂ ಪಿಸ್ಟನ್, ಎರಡನ್ನೂ ಸೇರಿಸುವ ಶಟಲ್ ಡೆಕ್ಕಿನ ಸೀಳಿನಿಂದ ಮೇಲೆ ಇಣುಕುತ್ತೆ. ವಿಮಾನದ ಮೂಗಿನ ಚಕ್ರದ ಕಂಬ ಆ ಶಟಲ್‌ಗೆ ಸಿಕ್ಕಿರುತ್ತೆ, ಹಿಂದಿನಿಂದ ಹೋಲ್ಡ್‌ಬ್ಯಾಕ್ ಸರಳು ಹಿಡಿದಿರುತ್ತೆ. ಪೈಲಟ್‌ಗೆ ಒಬ್ಬ ಹಲಗೆ ಎತ್ತಿ ತೋರಿಸ್ತಾನೆ, ಅದರ ಮೇಲೆ ವಿಮಾನದ ತೂಕ. ಪೈಲಟ್ ಹೌದು ಅಂತ ಸನ್ನೆ ಮಾಡಬೇಕು, ಅದೇ ಅಂಕಿಯನ್ನ ಕ್ಯಾಟಪಲ್ಟ್‌ನವರು ಕವಾಟದಲ್ಲಿ ಹೊಂದಿಸಬೇಕು. ಅಂಕಿ ಕಡಿಮೆ ಬಿದ್ದರೆ ವೇಗ ಸಾಲದೆ ವಿಮಾನ ಹಡಗಿನ ಮುಂದೇ ನೀರಿಗೆ. ಜಾಸ್ತಿ ಬಿದ್ದರೆ ಮೂಗಿನ ಚಕ್ರದ ಕಂಬಕ್ಕೇ ಪೆಟ್ಟು. ಕೊನೆಯಲ್ಲಿ ಪಿಸ್ಟನ್ ಮುಂದಿನ ಈಟಿ ನೀರು ತುಂಬಿದ ಸಿಲಿಂಡರಿಗೆ ನುಗ್ಗಿ ಮೂರು ಮೀಟರ್ ಒಳಗೆ ನಿಲ್ಲುತ್ತೆ. ಆ ಹೊಡೆತ ಇಡೀ ಹಡಗಿಗೆ ಕೇಳಿಸುತ್ತೆ.

ಹಳೇ ವಿಕ್ರಾಂತ್ ಹೋಲಿಕೆ ಬೇಡ. ಸೀ ಹಾಕ್, ಅಲಿಝೆ ಏಳೆಂಟು ಟನ್ನಿನ ವಿಮಾನ. ಮಿಗ್-29ಕೆ ಅದರ ಮೂರು ಪಟ್ಟು. ಆ ಹಡಗಿನ ಕ್ಯಾಟಪಲ್ಟನ್ನೂ 1980ರ ದಶಕದಲ್ಲಿ ತೆಗೆದು ಸೀ ಹ್ಯಾರಿಯರ್‌ಗೋಸ್ಕರ ಸ್ಕೀ-ಜಂಪ್ ಕೂರಿಸಿದ್ದರು, ನೆನಪಿರಲಿ.

#10 ಧಾರವಾಡಪೇಢಾ

ವಿಕ್ರಮಾದಿತ್ಯದಾಗ ಬಾಯ್ಲರ್ ಅದಾವಲ್ರಿ, ಎಂಟು! ಅದಕ್ಕರೆ ಉಗಿ ಕ್ಯಾಟಪಲ್ಟ್ ಹಾಕಬಹುದಿತ್ತಲ್ಲ?

#11 ಬಾಯ್ಲರ್‌ಭಟ್ಟ

ಆ ಬಾಯ್ಲರ್‌ಗಳ ಕಥೆ ಗೊತ್ತಿದ್ದೂ ಕೇಳ್ತೀರಲ್ಲ! 2012ರ ಸಮುದ್ರ ಪರೀಕ್ಷೆಯಲ್ಲಿ ಪೂರ್ತಿ ವೇಗಕ್ಕೆ ಒಯ್ದಾಗ ಎಂಟರಲ್ಲಿ ಏಳು ಕೆಟ್ಟವು. ಶಾಖ ತಡೆಯೋಕೆ ಕಲ್ನಾರಿನ ಬದಲು ಬೆಂಕಿ ಇಟ್ಟಿಗೆ ಹಾಕಿದ್ದರು, ಅದು ತಡೀಲಿಲ್ಲ. ಒಂದು ವರ್ಷ ತಡ ಆಗಿ ನವೆಂಬರ್ 2013ರಲ್ಲಿ ಹಡಗು ಕೈಸೇರಿತು. ಹಡಗು ಓಡಿಸೋಕೇ ಪೂರ್ತಿ ಉಗಿ ಬೇಕಾಗಿರುವಾಗ ಕ್ಯಾಟಪಲ್ಟ್‌ಗೆ ತೆಗೆದ್ರೆ ವೇಗ ಬೀಳುತ್ತೆ. ವೇಗ ಬಿದ್ದರೆ ಡೆಕ್ಕಿನ ಮೇಲಿನ ಗಾಳಿ ಬೀಳುತ್ತೆ. ಒಂದಕ್ಕೊಂದು ಕೊಂಡಿ.

#12 ವೋಲ್ಟೇಜ್

ಉಗಿ ಬಿಡಿ, ಅದು ಮುಗಿದ ಕಾಲ. ಇಮಾಲ್ಸ್, ಅಂದ್ರೆ ವಿದ್ಯುತ್ಕಾಂತೀಯ ಕ್ಯಾಟಪಲ್ಟ್, ಹಾಕಬಹುದಿತ್ತಾ ಅನ್ನೋದು ಪ್ರಶ್ನೆ. "ಪರಮಾಣು ಹಡಗಾದ್ರೆ ಮಾತ್ರ ಸಾಧ್ಯ" ಅನ್ನೋರಿಗೆ ಒಂದು ಲೆಕ್ಕ.

ಅಮೆರಿಕದ ಫೋರ್ಡ್ ಹಡಗಿನಲ್ಲಿರೋ ಇಮಾಲ್ಸ್ ಒಂದು ಎಸೆತಕ್ಕೆ ಗರಿಷ್ಠ 122 ಮೆಗಾಜೂಲ್ ಕೊಡುತ್ತೆ, 45 ಸೆಕೆಂಡಿನಲ್ಲಿ ಮತ್ತೆ ತಯಾರಾಗುತ್ತೆ. 122ನ್ನ 45ರಿಂದ ಭಾಗಿಸಿ, 2.7 ಮೆಗಾವ್ಯಾಟ್. ಸೋರಿಕೆ ಸೇರಿಸಿದ್ರೂ ಎರಡು ಕ್ಯಾಟಪಲ್ಟ್‌ಗೆ ಹತ್ತು ಮೆಗಾವ್ಯಾಟ್ ಒಳಗೇ. ವಿಕ್ರಾಂತ್‌ನಲ್ಲಿ 3 ಮೆಗಾವ್ಯಾಟಿನ ಡೀಸೆಲ್ ಜನರೇಟರ್ ಎಂಟಿವೆ, ಒಟ್ಟು 24. ಸರಾಸರಿ ನೋಡಿದ್ರೆ ಅಸಾಧ್ಯ ಅಲ್ಲ.

ಕಷ್ಟ ಇರೋದು ಸರಾಸರಿಯಲ್ಲಿ ಅಲ್ಲ, ತುದಿಯಲ್ಲಿ. ಆ 122 ಮೆಗಾಜೂಲ್ 2-3 ಸೆಕೆಂಡಿನಲ್ಲೇ ಹೊರಗೆ ಹೋಗಬೇಕು. ಅಂದ್ರೆ ಆ ಕ್ಷಣಕ್ಕೆ 40ರಿಂದ 60 ಮೆಗಾವ್ಯಾಟ್. ಯಾವ ಹಡಗಿನ ಜನರೇಟರೂ ನೇರ ಅಷ್ಟು ಕೊಡಲ್ಲ, ಪರಮಾಣು ಹಡಗಿನದೂ ಕೊಡಲ್ಲ. ಅದಕ್ಕೇ ಮಧ್ಯೆ ಶಕ್ತಿ ಕೂಡಿಡೋ ವ್ಯವಸ್ಥೆ. ಫೋರ್ಡ್‌ನಲ್ಲಿ ಅದು ನಿಮಿಷಕ್ಕೆ 6,400 ಸುತ್ತು ತಿರುಗೋ ಭಾರಿ ರೋಟರ್‌ಗಳು. ನಮ್ಮ ಹತ್ರ ಇಲ್ಲದ್ದು ಇದು, ಮತ್ತೆ ಅಷ್ಟು ವಿದ್ಯುತ್ತನ್ನ ಕತ್ತರಿಸಿ ಕತ್ತರಿಸಿ ಕೊಡೋ ಸ್ವಿಚ್ಚುಗಳು.

#13 ಸಹ್ಯಾದ್ರಿಮಳೆ

ಫುಜಿಯಾನ್ ಪರಮಾಣು ಹಡಗಲ್ವಾ?

#14 ವೋಲ್ಟೇಜ್

ಅಲ್ಲ. ಮಾಮೂಲು ಇಂಧನದ ಹಡಗು, 80,000 ಟನ್ ಮೀರಿದ್ದು. ನಾನು ಹೇಳ್ತಿರೋದಕ್ಕೆ ಅದೇ ಸಾಕ್ಷಿ. ವಾಹಕ ಹಡಗು ಅಂದ್ರೆ ಪರಮಾಣು ಅಂದ್ಕೊಳ್ಳೋರು ಬಹಳ. ಅಮೆರಿಕದ 11, ಫ್ರಾನ್ಸಿನ ಷಾರ್ಲ್ ದ ಗಾಲ್ ಒಂದು. ಸೇವೆಯಲ್ಲಿರೋ ಪರಮಾಣು ವಾಹಕಗಳು ಅಷ್ಟೇ.

#15 ಲೆಕ್ಕದಮೇಷ್ಟ್ರು

ವೋಲ್ಟೇಜ್ ಅವರೇ, ಇಮಾಲ್ಸ್ ಹೊಗಳುವ ಮುಂಚೆ ಅದು ಎಷ್ಟು ಸಲ ಕೆಡುತ್ತೆ ಅಂತಲೂ ಹೇಳಬೇಕು. ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗದ 2020ರ ವರದಿ ಪ್ರಕಾರ ಫೋರ್ಡ್‌ನಲ್ಲಿ 3,975 ಎಸೆತ ಆಗಿದ್ದವು, ಸರಾಸರಿ 181 ಎಸೆತಕ್ಕೊಂದು ವೈಫಲ್ಯ. ಗುರಿ ಇದ್ದದ್ದು 4,166ಕ್ಕೊಂದು. ಇಳಿಸೋ ಹೊಸ ಯಂತ್ರದ್ದು ಇನ್ನೂ ಕೆಟ್ಟದು: 48 ಸಲಕ್ಕೊಂದು, ಗುರಿ 16,500.

ಅದಕ್ಕಿಂತ ನನ್ನನ್ನ ಕಾಡೋದು ವಿನ್ಯಾಸದ ದೋಷ. ನಾಲ್ಕರಲ್ಲಿ ಒಂದು ಕೆಟ್ಟರೆ ಆ ಒಂದರ ವಿದ್ಯುತ್ ಮಾತ್ರ ಬೇರ್ಪಡಿಸಿ ರಿಪೇರಿ ಮಾಡೋಕೆ ಆಗಲ್ಲ, ಉಳಿದವು ಹಾರಿಸ್ತಾ ಇರೋವಾಗ ಕೈ ಹಾಕೋ ಹಾಗಿಲ್ಲ. ಆ ರೋಟರ್‌ಗಳು ತಿರುಗಿ ನಿಲ್ಲೋಕೇ ಒಂದೂವರೆ ಗಂಟೆ. ಉಗಿಯದ್ದರಲ್ಲಿ ಒಂದು ಕ್ಯಾಟಪಲ್ಟ್‌ನ ಉಗಿ ಮುಚ್ಚಿ ಇನ್ನೊಂದರಲ್ಲಿ ಕೆಲಸ ನಡೆಸಬಹುದಿತ್ತು. ಆಮೇಲಾಮೇಲೆ ಸುಧಾರಿಸಿದೆ ನಿಜ, ಆದ್ರೆ ಮೊದಲ ಹಡಗಿನಲ್ಲೇ ಎಲ್ಲ ಹೊಸದನ್ನೂ ತುಂಬಿದ್ರೆ ಹೀಗೇ ಆಗೋದು. ಸ್ಕೀ-ಜಂಪ್‌ನಲ್ಲಿ ಕೆಡೋಕೆ ಏನಿದೆ ಹೇಳಿ? ಉಕ್ಕಿನ ತಟ್ಟೆ.

#16 ಕೊಕ್ಕೆತಂತಿ

ಏರೋದರ ಬಗ್ಗೆ ಇಷ್ಟು ಮಾತಾಡಿದ್ರಿ. ನನ್ನ ಕೇಳಿದ್ರೆ ಅಪಾಯ ಇರೋದು ಇಳಿಯೋದರಲ್ಲಿ, ಅದು ಎರಡೂ ಬಗೆಯ ಹಡಗಿಗೆ ಸಮಾನ.

ಡೆಕ್ಕಿನ ಮೇಲೆ ಅಡ್ಡ ಮಲಗಿರೋ ತಂತಿಯ ದಪ್ಪ ಸುಮಾರು 35 ಮಿ.ಮೀ. ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು ಅದನ್ನ ಡೆಕ್ಕಿನಿಂದ ಸ್ವಲ್ಪ ಮೇಲೆತ್ತಿ ಹಿಡಿದಿರುತ್ವೆ, ಇಲ್ಲದಿದ್ರೆ ವಿಮಾನದ ಬಾಲದ ಕೊಕ್ಕೆ ಸಿಗೋದೇ ಇಲ್ಲ. ಕಣ್ಣಿಗೆ ಕಾಣೋದು ಈ ಅಡ್ಡ ತಂತಿ ಮಾತ್ರ. ಇದರ ಎರಡು ತುದಿಗೂ ಇನ್ನೊಂದು ಉದ್ದ ಹಗ್ಗ ಸೇರಿ, ರಾಟೆಗಳ ಮೇಲೆ ಹಾದು ಡೆಕ್ಕಿನ ಕೆಳಗಿನ ಯಂತ್ರಕ್ಕೆ ಹೋಗುತ್ತೆ. ಅಲ್ಲಿ ದೊಡ್ಡ ಪಿಸ್ಟನ್ ದ್ರವವನ್ನ ಕವಾಟದ ಕಿಂಡಿಯಿಂದ ದಬ್ಬುತ್ತೆ, ವಿಮಾನದ ವೇಗ ಅಲ್ಲಿ ಶಾಖವಾಗಿ ಕರಗುತ್ತೆ. ವಿಮಾನದ ತೂಕಕ್ಕೆ ತಕ್ಕ ಹಾಗೆ ಆ ಕಿಂಡಿಯನ್ನ ಪ್ರತಿ ಸಲವೂ ಹೊಂದಿಸಬೇಕು. ಹಗುರ ವಿಮಾನ, ಭಾರದ ವಿಮಾನ ಎರಡೂ ಒಂದೇ ದೂರದಲ್ಲಿ ನಿಲ್ಲೋ ಗುಟ್ಟು ಇದು.

ಪೈಲಟ್ ಡೆಕ್ಕು ಮುಟ್ಟಿದ ಕ್ಷಣ ಎಂಜಿನ್ ಇಳಿಸಲ್ಲ, ಪೂರ್ತಿ ಏರಿಸ್ತಾನೆ. ಕೊಕ್ಕೆ ತಪ್ಪಿದ್ರೆ ಹಾಗೇ ಹಾರಿ ಹೋಗಬೇಕಲ್ಲ. ಅದಕ್ಕೇ ಇಳಿಯೋ ಪಟ್ಟಿ ಓರೆಯಾಗಿರೋದು, ಮುಂದೆ ನಿಂತ ವಿಮಾನಗಳಿಗೆ ಹೊಡೀಬಾರದು ಅಂತ.

ಮಾರ್ಚ್ 2016ರಲ್ಲಿ ಅಮೆರಿಕದ ಐಸೆನ್‌ಹೋವರ್ ಮೇಲೆ ಹಾಕ್‌ಐ ಇಳಿಯುವಾಗ ಕೆಳಗಿನ ಆ ಉದ್ದ ಹಗ್ಗ ಕಿತ್ತುಬಂತು. ವಿಮಾನ ಡೆಕ್ಕಿನ ಅಂಚಿನಿಂದ ಕೆಳಕ್ಕೆ ಜಾರಿ, ನೀರಿಗೆ ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ಮೇಲೆದ್ದಿತು. ಡೆಕ್ಕಿನ ಮೇಲೆ ಚಾಟಿಯ ಹಾಗೆ ಬೀಸಿದ ಹಗ್ಗದಿಂದ ಎಂಟು ನಾವಿಕರಿಗೆ ಗಾಯ. ತನಿಖೆಯಲ್ಲಿ ಕಂಡದ್ದು, ಅದಕ್ಕೆ ಮೊದಲು ಯಂತ್ರದಲ್ಲಿ ಬಂದಿದ್ದ ಒಂದು ದೋಷವನ್ನ ಸರಿಪಡಿಸುವಾಗ ನಿರ್ವಹಣೆಯ ಮುಖ್ಯ ಹಂತವೊಂದು ತಪ್ಪಿಹೋಗಿತ್ತು. ಹೊಸ ಹಗ್ಗ, ಹಳೇ ಹಗ್ಗ ಅನ್ನೋದಲ್ಲ. ಕವಾಟ ಸರಿಯಾದ ಜಾಗದಲ್ಲಿಲ್ಲ, ಅಷ್ಟೇ.

ಅಡ್ಡ ತಂತಿಯನ್ನ ನೂರು ಚಿಲ್ಲರೆ ಇಳಿತಕ್ಕೇ ಎಸೆದು ಹೊಸದು ಹಾಕ್ತಾರೆ. ನಡುವೆ ಪ್ರತಿ ಇಳಿತದ ನಂತರ ಎಳೆ ಕಿತ್ತಿದೆಯಾ ಅಂತ ನೋಡಬೇಕು.

#17 ಕೆಂಪುಕೋಟೆಕಟ್ಟೆ

ರಷ್ಯಾದವರಿಗೆ ಸಿರಿಯಾ ಹತ್ರ ಆದದ್ದೂ ಇದೇ ಅಲ್ವಾ?

#18 ಕೊಕ್ಕೆತಂತಿ

ಹೌದು, ಮೂರು ವಾರದಲ್ಲಿ ಎರಡು ವಿಮಾನ. ನವೆಂಬರ್ 2016ರಲ್ಲಿ ಕುಜ್ನೆಟ್ಸೊವ್‌ನ ತಂತಿ ಕೆಟ್ಟು, ಅದನ್ನ ಸರಿಮಾಡೋ ತನಕ ಮೇಲೆ ಸುತ್ತುತ್ತಿದ್ದ ಮಿಗ್-29ಕೆಯ ಎಂಜಿನ್ ನಿಂತು ಸಮುದ್ರಕ್ಕೆ ಬಿತ್ತು. ಡಿಸೆಂಬರಿನಲ್ಲಿ ಸು-33 ಇಳಿಯುವಾಗ ತಂತಿ ತುಂಡಾಗಿ ಡೆಕ್ಕಿನಾಚೆ ಹೋಯ್ತು. ಎರಡರಲ್ಲೂ ಪೈಲಟ್ ಬದುಕಿದ್ರು. ಮೊದಲನೇದರಲ್ಲಿ ಪಾಠ ಏನು ಅಂದ್ರೆ, ಮೇಲೆ ಇರೋ ವಿಮಾನಕ್ಕೆ ಹತ್ತಿರದಲ್ಲಿ ನೆಲದ ವಿಮಾನ ನಿಲ್ದಾಣವೋ ಗಾಳಿಯಲ್ಲೇ ಇಂಧನ ಕೊಡೋ ವಿಮಾನವೋ ಇರಲೇಬೇಕು. ಅಮೆರಿಕದವರು ಇಳಿಯೋ ಹೊತ್ತಿಗೆ ಒಂದು ಇಂಧನ ವಿಮಾನವನ್ನ ಮೇಲೆ ಕಾಯಿಸಿಟ್ಟಿರ್ತಾರೆ.

#19 ಕಾಳಿಕಡವು

ಕಾರವಾರದ ಐಎನ್‌ಎಸ್ ಕದಂಬದಲ್ಲಿ ಹಡಗನ್ನೇ ನೀರಿನಿಂದ ಮೇಲೆತ್ತುವ ಯಂತ್ರ ಉಂಟಲ್ಲ ಮಾರಾಯ್ರೇ, ವಿಕ್ರಮಾದಿತ್ಯದ ತಳ ರಿಪೇರಿ ಅಲ್ಲೇ ಮಾಡುದಾ?

#20 ಹಿನ್ನೀರು

ಇಲ್ಲ. ಆ ಶಿಪ್‌ಲಿಫ್ಟ್‌ನ ಸಾಮರ್ಥ್ಯ 10,000 ಟನ್. ವಿನಾಶಕ ನೌಕೆ, ಫ್ರಿಗೇಟ್, ಜಲಾಂತರ್ಗಾಮಿ ಎತ್ತುತ್ತೆ. ವಿಕ್ರಮಾದಿತ್ಯ 45,000 ಟನ್ ಹತ್ತಿರ. ಕಾರವಾರ ಅದರ ನೆಲೆ, ಆದ್ರೆ ತಳದ ಕೆಲಸಕ್ಕೆ ದೊಡ್ಡ ಡ್ರೈ ಡಾಕ್‌ಗೇ (ಹಡಗು ಒಳಗೆ ಬಂದ ಮೇಲೆ ನೀರು ಖಾಲಿ ಮಾಡೋ ಕಟ್ಟೆ) ಹೋಗಬೇಕು. ನವೆಂಬರ್ 2024ರಲ್ಲೂ 1,207 ಕೋಟಿ ರೂಪಾಯಿಯ ರಿಪೇರಿ ಗುತ್ತಿಗೆ ಹೋದದ್ದು ಕೊಚ್ಚಿ ಶಿಪ್‌ಯಾರ್ಡ್‌ಗೆ. ಮುಂಬೈ ನೌಕಾ ಡಾಕ್‌ಯಾರ್ಡ್‌ನಲ್ಲಿ 2019ರಲ್ಲಿ 281 ಮೀಟರ್ ಉದ್ದದ ಡಾಕ್ ತೆರೆದರು.

ಮೂರನೇ ಹಡಗಿನ ಮಾತು ಆಡೋರು ಇದನ್ನೂ ನೋಡಬೇಕು. 300 ಮೀಟರ್ ದಾಟಿದ ಹಡಗಾದ್ರೆ ಮುಂಬೈಯ ಆ ಡಾಕ್ ಸಾಲಲ್ಲ. ಕೊಚ್ಚಿಯಲ್ಲಿ ಜನವರಿ 2024ರಲ್ಲಿ ಉದ್ಘಾಟನೆಯಾದ 310 ಮೀಟರಿನ ಡಾಕ್‌ನಂಥದ್ದೇ ಬೇಕು.

#21 ಸಹ್ಯಾದ್ರಿಮಳೆ

ರಫಾಲ್ ಎಂ ಬಂದ್ರೆ ಡೆಕ್ಕಿನಿಂದ ಕೆಳಗಿನ ಹ್ಯಾಂಗರಿಗೆ ಇಳಿಸೋ ಲಿಫ್ಟ್‌ನಲ್ಲಿ ಹಿಡಿಸುತ್ತಾ? ರೆಕ್ಕೆ ಮಡಚಲ್ಲ ಅಂತಾರೆ.

#22 ರಾಡಾರ್‌ರಾಯ

ಮಡಚಲ್ಲ, ನಿಜ. ರೆಕ್ಕೆಯ ಅಗಲ 10.9 ಮೀಟರ್. ಮಿಗ್-29ಕೆ ಮಡಚಿದ್ರೆ 8 ಮೀಟರಿಗೂ ಕಡಿಮೆ, ವಿಕ್ರಾಂತ್‌ನ ಲಿಫ್ಟು, ಹ್ಯಾಂಗರು ಅದನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದು. ಹಾಗಾಗಿ ಕೆಳಗಿಳಿಸೋದು ಬಿಗಿ, ಹ್ಯಾಂಗರಿನಲ್ಲಿ ಒಂದೊಂದೂ ಹೆಚ್ಚು ಜಾಗ ತಿನ್ನುತ್ತೆ. ಏರೋದಕ್ಕೆ ತೊಂದರೆ ಇಲ್ಲ, ಜನವರಿ 2022ರಲ್ಲಿ ಗೋವಾದ ಐಎನ್‌ಎಸ್ ಹಂಸದ ತೀರದ ಸ್ಕೀ-ಜಂಪ್ ಮೇಲೆ ಓಡಿಸಿ ತೋರಿಸಿದ್ರು. ಒಪ್ಪಂದ ಆದದ್ದು ಏಪ್ರಿಲ್ 2025ರಲ್ಲಿ, 26 ವಿಮಾನ, ಅದರಲ್ಲಿ 22 ಒಂಟಿ ಸೀಟಿನವು. ಬೆಂಗಳೂರಿನಲ್ಲಿ ರೂಪಿಸ್ತಿರೋ ಎರಡು ಎಂಜಿನ್ನಿನ ಡೆಕ್ ಫೈಟರ್‌ಗೆ ಮಡಚೋ ರೆಕ್ಕೆ ಇಟ್ಟಿರೋದು ಇದೇ ಕಾರಣಕ್ಕೆ.

#23 ತೀರದಗಾಳಿ

ಇಷ್ಟು ಸಿಗುತ್ತೆ ಅಂತ ಅಂದ್ಕೊಂಡಿರಲಿಲ್ಲ. ನನಗೆ ಅರ್ಥ ಆದದ್ದು: ಫೈಟರ್ ಭಾರದಲ್ಲಿ ನಷ್ಟ ಇದೆ ಆದ್ರೆ ಹೇಳುವಷ್ಟಿಲ್ಲ, ಹಾರಾಟದ ಸಂಖ್ಯೆಯಲ್ಲಿ ಜಾಸ್ತಿ, ಕಾವಲು ವಿಮಾನದಲ್ಲಿ ಎಲ್ಲಕ್ಕಿಂತ ಜಾಸ್ತಿ. ಹಾಗಾದ್ರೆ ಮೂರನೇದಕ್ಕೆ ಕ್ಯಾಟಪಲ್ಟ್ ಬೇಕೇ ಬೇಕು ಅಂತ ತಾನೇ?

#24 ರಾಡಾರ್‌ರಾಯ

ಬೇಕು. ಅನುಮಾನವೇ ಇಲ್ಲ. ಷಾರ್ಲ್ ದ ಗಾಲ್ 42,000 ಟನ್, 261 ಮೀಟರ್, ವಿಕ್ರಾಂತ್‌ನಷ್ಟೇ. ಅದರಲ್ಲಿ 75 ಮೀಟರಿನ ಎರಡು ಕ್ಯಾಟಪಲ್ಟ್ ಇಟ್ಟು ಹಾಕ್‌ಐ ಹಾರಿಸ್ತಿದ್ದಾರೆ. ಗಾತ್ರ ನೆಪ ಅಲ್ಲ.

#25 ಲೆಕ್ಕದಮೇಷ್ಟ್ರು

ಆ ಹಡಗಿನಲ್ಲಿ ಹಾಕ್‌ಐ ಸುರಕ್ಷಿತವಾಗಿ ಇಳಿದು ತಿರುಗೋಕೆ ಜಾಗ ಸಾಲದೆ, ಕಟ್ಟಿದ ಮೇಲೆ ಓರೆ ಡೆಕ್ಕನ್ನ 4.4 ಮೀಟರ್ ಉದ್ದ ಮಾಡಬೇಕಾಯ್ತು. ಕ್ಯಾಟಪಲ್ಟ್ ಅಮೆರಿಕದ್ದು, ಬಿಡಿಭಾಗಕ್ಕೂ ಅಲ್ಲಿಗೇ ಕೈಚಾಚಬೇಕು. ಫ್ರಾನ್ಸ್ ಮುಂದಿನ ಹಡಗನ್ನ 75,000 ಟನ್ ಮೀರಿ ಯೋಜಿಸ್ತಿರೋದು ಸುಮ್ಮನೆ ಅಲ್ಲ. ಗಾತ್ರ ನೆಪ ಅಲ್ಲ ಅನ್ನೋದನ್ನ ನಾನು ಒಪ್ಪಲ್ಲ.

#26 ನೀಲಿನೀರು

ಈಗ ಓದಿದೆ ಎಲ್ಲ. ಸಮುದ್ರದಲ್ಲೇ ಬೇರೆ ಹಡಗಿಗೆ ಇಂಧನ ತುಂಬೋ ಟ್ಯಾಂಕರ್ ಹಡಗಿನ ಮಾತನ್ನ ಯಾರೂ ಎತ್ತಿಲ್ಲ, ಅದಕ್ಕೆ ಬರೀತಿದ್ದೀನಿ.

ಪರಮಾಣು ಹಡಗಿಗೂ ವಿಮಾನದ ಇಂಧನ ಬೇಕು, ಜೊತೆಗಿರೋ ಫ್ರಿಗೇಟ್‌ಗಳಿಗೆ ಡೀಸೆಲ್ ಬೇಕು. ಹಾರಾಟದ ಸಂಖ್ಯೆ ಎರಡು ಪಟ್ಟಾದ್ರೆ ಇಂಧನವೂ ಎರಡು ಪಟ್ಟು, ಬಾಂಬ್ ಎರಡು ಪಟ್ಟು. ನಮ್ಮ ಹತ್ರ ಈಗ ಇರೋ ಫ್ಲೀಟ್ ಟ್ಯಾಂಕರ್ ನಾಲ್ಕು: ಜ್ಯೋತಿ, ಆದಿತ್ಯ, ದೀಪಕ್, ಶಕ್ತಿ. ಪೂರ್ವ, ಪಶ್ಚಿಮ ಎರಡು ಕರಾವಳಿಗೂ ಹಂಚಿ, ಒಂದು ರಿಪೇರಿಗೆ ಹೋದ್ರೆ ಎಷ್ಟು ಉಳೀತು?

ಕೆಲಸವೂ ಸುಲಭದ್ದಲ್ಲ. ಎರಡು ಹಡಗು ಅಕ್ಕಪಕ್ಕ ಸುಮಾರು 50 ಮೀಟರ್ ಅಂತರದಲ್ಲಿ 12 ನಾಟ್ ವೇಗದಲ್ಲಿ ಗಂಟೆಗಟ್ಟಲೆ ಒಂದೇ ಸಮ ಓಡಬೇಕು. ನಡುವೆ ಬಿಗಿದ ಉಕ್ಕಿನ ಹಗ್ಗ, ಅದಕ್ಕೆ ನೇತುಬಿಟ್ಟ ಕೊಳವೆ. ನಡುವಿನ ನೀರು ವೇಗವಾಗಿ ಹರಿದು ಒತ್ತಡ ಇಳಿಯೋದ್ರಿಂದ ಹಡಗುಗಳು ಒಂದನ್ನೊಂದು ಎಳ್ಕೊಳ್ಳುತ್ವೆ. ಚುಕ್ಕಾಣಿ ಹಿಡಿದವನು ಅರ್ಧ ಡಿಗ್ರಿ ಅರ್ಧ ಡಿಗ್ರಿಯಾಗಿ ತಿದ್ದುತ್ತಲೇ ಇರಬೇಕು. ಅಂತರ ಎಷ್ಟಿದೆ ಅಂತ ಕಾಣೋಕೆ ಎರಡು ಹಡಗಿನ ನಡುವೆ ಗುರುತಿನ ಬಾವುಟ ಕಟ್ಟಿದ ಹಗ್ಗ ಎಳೆದಿರ್ತಾರೆ. ಆ ಹೊತ್ತಲ್ಲಿ ಜಲಾಂತರ್ಗಾಮಿ ಇದೆ ಅಂತ ಗೊತ್ತಾದ್ರೆ ಕೊಳವೆ ಬಿಚ್ಚಿ ಬೇರ್ಪಡೋ ತನಕ ಎರಡೂ ತಿರುಗೋ ಹಾಗಿಲ್ಲ.

ಆಗಸ್ಟ್ 2023ರಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಜೊತೆ 44,000 ಟನ್ನಿನ ಐದು ಪೂರೈಕೆ ಹಡಗಿಗೆ ಸುಮಾರು 19,000 ಕೋಟಿಯ ಒಪ್ಪಂದ ಆಗಿದೆ. ನನಗೆ ಕ್ಯಾಟಪಲ್ಟ್ ಸುದ್ದಿಗಿಂತ ಅದು ದೊಡ್ಡ ಸುದ್ದಿ.

#27 ಅರಬ್ಬೀಅಲೆ

ನೀಲಿನೀರು ಅವರ ಮಾತಿಗೆ ನನ್ನ ಓಟು. ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮೇಷ್ಟ್ರು ಡೆಕ್ಕಿನ ಮೇಲೆ 25 ನಾಟ್ ಗಾಳಿ ಅಂತ ಹಿಡಿದಿದ್ದಾರೆ. ಗಾಳಿಯೇ ಇಲ್ಲದ ದಿನ?

#28 ಲೆಕ್ಕದಮೇಷ್ಟ್ರು

ಗಾಳಿ ಇಲ್ಲದಿದ್ರೂ ಹಡಗು ಓಡಿದ್ರೆ ಎದುರುಗಾಳಿ ಹುಟ್ಟುತ್ತೆ. ವಿಕ್ರಾಂತ್‌ನ ಗರಿಷ್ಠ ವೇಗ 28 ನಾಟ್, ಹಾಗಾಗಿ 25 ಸಿಗುತ್ತೆ. ಆದ್ರೆ ಆ ವೇಗದಲ್ಲಿ ಇಂಧನ ಸುರಿದ ಹಾಗೆ ಖರ್ಚು. 7,500 ನಾಟಿಕಲ್ ಮೈಲು ಅನ್ನೋ ವ್ಯಾಪ್ತಿ 18 ನಾಟ್‌ನಲ್ಲಿ ಮಾತ್ರ.

ಇಳಿಯೋಕೂ ಇದೇ ಗಾಳಿ ಬೇಕು. 20 ಟನ್ನಿನ ವಿಮಾನ 240 ಕಿ.ಮೀ. ವೇಗದಲ್ಲಿ ತಂತಿಗೆ ಸಿಕ್ಕರೆ ಯಂತ್ರ ನುಂಗಬೇಕಾದ್ದು 44 ಮೆಗಾಜೂಲ್. 25 ನಾಟ್ ಎದುರುಗಾಳಿ ಇದ್ದರೆ ಡೆಕ್ಕಿಗೆ ಹೋಲಿಸಿ ವೇಗ 194ಕ್ಕೆ ಇಳಿದು 29 ಮೆಗಾಜೂಲ್. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿತಾಯ. ತಂತಿಯ ಆಯುಸ್ಸಿನ ಲೆಕ್ಕ ಹಾಕೋರು ಕೊಕ್ಕೆತಂತಿ ಅವರನ್ನ ಕೇಳಿ.

#29 ಕೊಕ್ಕೆತಂತಿ

ಒಂದು ತಿದ್ದುಪಡಿ ಮೇಷ್ಟ್ರೇ. ಇಳಿಯೋವಾಗ ಗಾಳಿ ಹಡಗಿನ ಮೂತಿಯಿಂದ ಅಲ್ಲ, ಓರೆ ಡೆಕ್ಕಿನ ದಿಕ್ಕಿನಿಂದ ಬರಬೇಕು, ಅಂದ್ರೆ ಎಡಕ್ಕೆ ಒಂಬತ್ತು ಡಿಗ್ರಿ ಹತ್ತಿರ. ಗಾಳಿಯಿಲ್ಲದ ದಿನ ಹಡಗೇ ಹುಟ್ಟಿಸಿದ ಗಾಳಿ ನೇರ ಮೂತಿಯಿಂದ ಬರುತ್ತೆ, ಪೈಲಟ್‌ಗೆ ಅದು ಬಲಗಡೆಯ ಅಡ್ಡಗಾಳಿ. ಜೊತೆಗೆ ಬಲಬದಿಯ ಗೋಪುರ ದಾಟಿ ಬಂದ ಸುಳಿಗಾಳಿ ಇಳಿಯೋ ಪಟ್ಟಿಯ ಹಿಂಭಾಗಕ್ಕೇ ಬಂದು ಕೂರುತ್ತೆ. ಹಾಗಾಗಿ ನಿಶ್ಚಲ ಸಮುದ್ರ ಇಳಿಯೋಕೆ ಸುಲಭದ ದಿನ ಅಲ್ಲ.